ನಿಂದು ಎಷ್ಟು ಬಂತು?

ಪುಣೆಯ ಗಣೇಶಖಿಂಡದ ವಿಶ್ವವಿದ್ಯಾಲಯದಲ್ಲಿ ಧಾರವಾಡ, ವಿಜಯಪುರ ಕಡೆಯ ಪಿಎಚ್‌ಡಿ ಹುಡುಗರು ಚಹಾಕ್ಕೆ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ: 'ನಿಂದು ಎಷ್ಟು ಬಂತು?' ಸ್ಕಾಲರ್‌ಶಿಪ್ ದುಡ್ಡಲ್ಲ. ಪ್ರಬಂಧವನ್ನು ಸಾಫ್ಟ್‌ವೇರ್‌ಗೆ ಹಾಕಿದಾಗ ಬೇರೆಯವರ ಬರಹಕ್ಕೆ ಎಷ್ಟು ಹೋಲಿತು ಅಂತ. ಶೇ. 10ರೊಳಗಿದ್ದರೆ ನಿಶ್ಚಿಂತೆ.

ಈ 10 ಬಂದದ್ದು ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ ಯುಜಿಸಿಯ 2018ರ ನಿಯಮದಿಂದ. 10 ದಾಟಿ 40ರವರೆಗೆ ಬಂದರೆ 6 ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗೆ ಹೋದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದನ್ನೂ ದಾಟಿದರೆ ನೋಂದಣಿಯೇ ರದ್ದು.

ಆದರೆ ಪುಣೆಗೆ ಈ ತಲೆನೋವು ಇನ್ನೂ ಹಳೆಯದು. ಇದೇ ಕ್ಯಾಂಪಸ್ಸಿನಲ್ಲಿರುವ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಒಂದು ಲೇಖನದ ಮೇಲೆ 2006ರಲ್ಲಿ ಹೆಸರಿಲ್ಲದ ದೂರು ಬಂತು. ಅದೇ ಲ್ಯಾಬಿನ ಹಳೆಯ ಲೇಖನದ ಚಿತ್ರಗಳನ್ನೇ ಬೇರೆ ಪ್ರಯೋಗದ ಫಲಿತಾಂಶ ಎಂದು ತೋರಿಸಿದ್ದಾರೆ ಎಂಬುದು ಆರೋಪ. ಕೇಂದ್ರದ ಸ್ವಂತ ಸಮಿತಿ ನೋಡಿ ತಪ್ಪಿಲ್ಲ ಎಂದಿತು. ಲೇಖನ ಅಚ್ಚು ಹಾಕಿದ್ದ ಅಮೆರಿಕದ ವಿಜ್ಞಾನ ಪತ್ರಿಕೆ ಒಪ್ಪಲಿಲ್ಲ, 2007ರಲ್ಲಿ ಲೇಖನ ಹಿಂಪಡೆಯಿತು. ಆಮೇಲೆ ಬೆಂಗಳೂರಿನ ಐಐಎಸ್‌ಸಿಯ ಮಾಜಿ ನಿರ್ದೇಶಕ ಜಿ. ಪದ್ಮನಾಭನ್ ಅವರ ಸಮಿತಿ ಕೂತಿತು. ಅದೂ ತಪ್ಪಿಲ್ಲ ಎಂದೇ ಹೇಳಿತು. ವಿಜ್ಞಾನಿಗಳೇ 1986ರಲ್ಲಿ ಕಟ್ಟಿಕೊಂಡ ಸೊಸೈಟಿ ಫಾರ್ ಸೈಂಟಿಫಿಕ್ ವ್ಯಾಲ್ಯೂಸ್ ಮಾತ್ರ ತಪ್ಪಿದೆ ಎಂದಿತು. ಚಿತ್ರಗಳು ಒಂದೇ, ತೀರ್ಪು ಎರಡು. ಯಾರ ಮಾತು ಅಂತಿಮ? ಅಮೆರಿಕದಲ್ಲಿ ಸರ್ಕಾರಿ ದುಡ್ಡಿನ ಆರೋಗ್ಯ ಸಂಶೋಧನೆಯ ಮಟ್ಟಿಗಾದರೂ ಇದಕ್ಕೆಂದೇ 1992ರಿಂದ ಒಂದು ಕಚೇರಿ ಇದೆ. ನಮ್ಮಲ್ಲಿ ಅಂಥದ್ದು ಇರಲಿಲ್ಲ.

ಅಷ್ಟರಲ್ಲಿ ಇನ್ನೊಂದು ರೋಗ ಹಬ್ಬಿತು. ಪಿಎಚ್‌ಡಿಗೆ ಲೇಖನ ಕಡ್ಡಾಯ, ಬಡ್ತಿಗೆ ಲೇಖನಕ್ಕಿಷ್ಟು ಅಂಕ ಎಂದ ಮೇಲೆ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಅಣಬೆಯಂತೆ ಎದ್ದವು. ಏಳದೆ ಇರ್ತಾವಾ? ಯುಜಿಸಿಯೇ ಒಪ್ಪಿದ ಪತ್ರಿಕೆಗಳ ಪಟ್ಟಿಯೊಳಗೂ ಅವು ನುಗ್ಗಿದ್ದವು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ್ದ 1,009 ಪತ್ರಿಕೆಗಳನ್ನು ಪುಣೆಯ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಜರಡಿ ಹಿಡಿದರು. ಶೇ. 88 ಜೊಳ್ಳು! 2018ರ ಮೇನಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಮುಂದಿನ ವರ್ಷ ಒಳ್ಳೆಯ ಪತ್ರಿಕೆಗಳದ್ದೇ ಹೊಸ ಪಟ್ಟಿ 'ಕೇರ್' ಬಂತು, ಅದನ್ನು ನೋಡಿಕೊಳ್ಳುವ ಕೆಲಸ ಪುಣೆ ವಿಶ್ವವಿದ್ಯಾಲಯದ ಪಾಲಿಗೆ. 2025ರಲ್ಲಿ ಅದನ್ನೂ ನಿಲ್ಲಿಸಿದರು.

ಉಳಿದದ್ದು ಶೇಕಡಾ ಲೆಕ್ಕ. 2018ರ ನಿಯಮ ಮುಖ್ಯವಾಗಿ ಹಿಡಿಯುವುದು ಬರಹದ ನಕಲನ್ನು. ದೂರು ಮೊದಲು ಹೋಗುವುದು ವಿಭಾಗದ ಸಮಿತಿಗೆ, ಅದಕ್ಕೆ ವಿಭಾಗದ ಮುಖ್ಯಸ್ಥರೇ ಅಧ್ಯಕ್ಷರು. ಅವರೂ ಗೈಡೂ ದಿನಾ ಒಟ್ಟಿಗೆ ಊಟ ಮಾಡುವವರಾದರೆ ಹುಡುಗ ಬಾಯಿ ಬಿಡ್ತಾನಾ? ಇನ್ನು 2006ರ ಗಲಾಟೆ ಎದ್ದದ್ದು ಚಿತ್ರಗಳ ಬಗ್ಗೆ. ಸಾಲಿಗೆ ಸಾಲು ಹೋಲಿಸುವ ಸಾಫ್ಟ್‌ವೇರ್ ಚಿತ್ರ ನೋಡುವುದಿಲ್ಲ. ಅಂಥ ಪ್ರಬಂಧಕ್ಕೂ ಶೇ. 4 ಬರಬಹುದು.