ಮೇಜಿನ ಮೇಲೆ ನಾರ್ಮಂಡಿಯ ಬೇಲಿ: ಟೆರೇನ್ ಮಾಡುವ ಟಿಪ್ಪಣಿ

ಪುಟ್ಟ ಸೈನಿಕ ಗೊಂಬೆಗಳನ್ನು ಮೇಜಿನ ಮೇಲೆ ನಡೆಸಿ ಆಡುವ ಯುದ್ಧದಾಟಕ್ಕೆ ಬೇಕಾದ ಗುಡ್ಡ, ಬೇಲಿಗಳ ಮಾದರಿಗೆ ಟೆರೇನ್ ಅಂತಾರೆ. ನಾನು ಮಾಡಿದ ಮೊದಲ ಟೆರೇನ್ ಒಂದು ಬಂಡೆಗುಡ್ಡ. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ಆಟ ಶುರುವಾಯಿತು. ಗುಡ್ಡದ ಮೇಲೆ ಇಟ್ಟ ಸೈನಿಕ ಜಾರಿ ಬಿದ್ದ. ಎತ್ತಿಟ್ಟೆ, ಮತ್ತೆ ಬಿದ್ದ. ಕೊನೆಗೆ ಅವನನ್ನು ಗುಡ್ಡದ ಪಕ್ಕ ಮಲಗಿಸಿ, 'ಇವನು ಮೇಲೆ ಇದ್ದಾನೆ ಅಂತ ಅಂದ್ಕೊಳ್ಳಿ' ಅಂತ ಆಟ ಮುಗಿಸಿದೆವು. ಆ ಗುಡ್ಡ ಈಗ ಶೋಕೇಸಿನಲ್ಲಿದೆ. ಅದರ ಜಾಗ ಅದೇ.

ಅವತ್ತಿನಿಂದ ನಾನು ಮೊದಲು ಕೈಗೆತ್ತಿಕೊಳ್ಳೋದು ಬಣ್ಣವನ್ನಲ್ಲ, ಸೈನಿಕನ ಬೇಸನ್ನು, ಅಂದರೆ ಗೊಂಬೆಯ ಕಾಲಡಿಗೆ ಅಂಟಿಸಿದ ಬಿಲ್ಲೆಯನ್ನು. 28 ಮಿ.ಮೀ. ಗೊಂಬೆಗಳ ಆಟಗಳಲ್ಲಿ ಕಾಲಾಳಿನ ಬೇಸ್ ಸಾಮಾನ್ಯವಾಗಿ 25 ಮಿ.ಮೀ. ಅಗಲದ ಚಕ್ರ. ಆ ಚಕ್ರ ಎಲ್ಲಿ ನಿಲ್ಲುತ್ತೆ, ಎಲ್ಲಿ ನಿಲ್ಲಲ್ಲ ಅನ್ನೋದು ಮೊದಲೇ ಗೊತ್ತಿರಬೇಕು. ಮಿಕ್ಕಿದ್ದೆಲ್ಲ ಆಮೇಲೆ. ಈ ಟಿಪ್ಪಣಿಯಲ್ಲಿ ಒಂದೇ ತುಣುಕನ್ನು ಶುರುವಿನಿಂದ ಕೊನೆವರೆಗೆ ಮಾಡೋಣ: ನಾರ್ಮಂಡಿಯ ಬೊಕಾಜ್ ಬೇಲಿ. ನಾನು ಇದನ್ನು ಮಾಡಿದ್ದು 2012ರಲ್ಲಿ ಬಂದ ಬೋಲ್ಟ್ ಆ್ಯಕ್ಷನ್ ಆಟಕ್ಕೆ. ಎರಡನೇ ಮಹಾಯುದ್ಧದ ಬೇರೆ 28 ಮಿ.ಮೀ. ಆಟಕ್ಕೂ ನಡೆಯುತ್ತೆ.

ಬೊಕಾಜ್ ಅಂದರೆ ಏನು

ಫ್ರಾನ್ಸಿನ ನಾರ್ಮಂಡಿಯಲ್ಲಿ ಹೊಲಗಳು ಸಣ್ಣವು, ಆಕಾರವೂ ಸೊಟ್ಟ. ಪ್ರತಿ ಹೊಲದ ಸುತ್ತ ಮಣ್ಣಿನ ಏರಿ. ಏರಿಯ ಮೇಲೆ ಗಿಡ, ಮುಳ್ಳು, ಮರ. ನೂರಾರು ವರ್ಷಗಳಿಂದ ಬೇರು ಹೆಣೆದುಕೊಂಡು ಮಣ್ಣು ಗೋಡೆಯಂತೆ ಗಟ್ಟಿಯಾಗಿದೆ. ಎರಡು ಏರಿಗಳ ನಡುವೆ ತಗ್ಗಿನ ದಾರಿ. ಮಲೆನಾಡಿನಲ್ಲಿ ತೋಟದ ಸುತ್ತ ಅಗಳ ತೋಡಿ, ಆ ಮಣ್ಣನ್ನೇ ಏರಿ ಹಾಕಿ, ಮೇಲೆ ಬೇಲಿ ಬೆಳೆಸಿದ್ದನ್ನು ನೋಡಿದವರಿಗೆ ಚಿತ್ರ ಬೇಗ ಕಣ್ಣಿಗೆ ಕಟ್ಟುತ್ತೆ.

1944ರ ಜೂನ್ 6ರಂದು ಕಡಲತೀರಕ್ಕೆ ಇಳಿದ ಅಮೆರಿಕನ್ ಸೈನ್ಯ ಆಮೇಲೆ ವಾರಗಟ್ಟಲೆ ಈ ಬೇಲಿಗಳ ನಡುವೆ ಸಿಕ್ಕಿಕೊಂಡಿತು. ಟ್ಯಾಂಕು ಏರಿ ಹತ್ತಲು ಹೋದರೆ ಮೂತಿ ಮೇಲಾಗಿ, ತೆಳು ತಗಡಿನ ಹೊಟ್ಟೆ ಶತ್ರುವಿನ ಮುಂದೆ ಬಿಚ್ಚಿಕೊಳ್ಳುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಆಟದ ಲೆಕ್ಕದಲ್ಲಿ ಈ ಬೇಲಿಯಲ್ಲಿ ಇರೋದು ಎರಡು ವಸ್ತು. ಎಲೆ ಮರೆ ಮಾಡುತ್ತೆ, ಆದರೆ ಗುಂಡು ತಡೆಯಲ್ಲ. ಮಣ್ಣು ಗುಂಡನ್ನೂ ತಡೆಯುತ್ತೆ. ಹಾಗಾಗಿ ಏರಿ ಎಲ್ಲಿ ಮುಗಿಯಿತು, ಗಿಡ ಎಲ್ಲಿ ಶುರುವಾಯಿತು ಅನ್ನೋದು ಮೇಜಿನ ಆ ಕಡೆ ಕೂತವನಿಗೂ ಕಾಣಬೇಕು. ಎಲ್ಲವನ್ನೂ ಹಸಿರು ಪುಡಿಯಲ್ಲಿ ಮುಳುಗಿಸಿದರೆ ಪ್ರತಿ ಸರದಿಗೂ ಜಗಳ ಗ್ಯಾರಂಟಿ.

ಅಳತೆ

28 ಮಿ.ಮೀ. ಅಂದರೆ ಸಾಮಾನ್ಯವಾಗಿ ಗೊಂಬೆಯ ಪಾದದಿಂದ ಕಣ್ಣಿನವರೆಗೆ. ಈ ಆಟದ ಟ್ಯಾಂಕುಗಳು ಹೆಚ್ಚಾಗಿ 1:56 ಪ್ರಮಾಣದಲ್ಲಿ ಬರುತ್ತವೆ. ಅಂದರೆ ನಿಜದ ಅಳತೆಯನ್ನು 56ರಿಂದ ಭಾಗಿಸಿ. ಒಂದೂವರೆ ಮೀಟರ್ ಏರಿ ಸುಮಾರು 27 ಮಿ.ಮೀ. ಆಗುತ್ತೆ. ಅದರ ಮೇಲೆ ಮೂರು ಮೀಟರ್ ಗಿಡ ಸುಮಾರು 54 ಮಿ.ಮೀ.

ಲೆಕ್ಕ ಸರಿ. ಈಗ ಸೈನಿಕನನ್ನು ಏರಿಯ ಹಿಂದೆ ನಿಲ್ಲಿಸಿ ನೋಡಿ. ಕಣ್ಣು 28ರಲ್ಲಿ, ಜೊತೆಗೆ ಬೇಸಿನ ದಪ್ಪ ಎರಡು ಮೂರು. ಒಟ್ಟು 30 ಅಂತ ಇಟ್ಟುಕೊಳ್ಳಿ. ಏರಿ 27. ನಿಂತವನ ಕಣ್ಣು ಮಾತ್ರ ಆಚೆ ಇಣುಕುತ್ತೆ, ಅವನ ಬಂದೂಕು ಏರಿಯ ಕೆಳಗೇ ಉಳಿಯುತ್ತೆ. ಮಂಡಿಯೂರಿದವನಿಗೆ ಏನೂ ಕಾಣಲ್ಲ. ಹಾಗಾಗಿ ನಾನು ಏರಿಯನ್ನು 20 ಮಿ.ಮೀ.ಗೆ ಇಳಿಸಿದೆ, ಗಿಡವನ್ನು 35ಕ್ಕೆ. ಅಳತೆಪಟ್ಟಿ ಹಿಡಿದು ಕೂತವರು ಬೇಜಾರು ಮಾಡ್ಕೊಳ್ಳಬಹುದು. ಆಡುವವರಿಗೆ ಇಷ್ಟೇ ಸಾಕು.

ಗೇಟಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಶೆರ್ಮನ್ ಟ್ಯಾಂಕಿನ ಅಗಲ 2.62 ಮೀಟರ್, ಮೇಜಿನ ಮೇಲೆ ಸುಮಾರು 47 ಮಿ.ಮೀ. ಗೇಟು 60 ಇರಲಿ. ನನ್ನ ಮೊದಲ ಗೇಟು 45 ಆಗಿತ್ತು ಅಂತ ಹೇಳೋಕೆ ನಾಚಿಕೆಯಾಗುತ್ತೆ.

ತಳ ಮತ್ತು ಏರಿ

ತಳಕ್ಕೆ 3 ಮಿ.ಮೀ. ಎಂಡಿಎಫ್ ಹಾಳೆ (ಮರದ ನಾರು ಒತ್ತಿ ಮಾಡಿದ್ದು), ಇಲ್ಲವೇ ಬೋರ್ಡು ಬರೆಯುವವರ ಹತ್ತಿರ ಸಿಗುವ ಸನ್‌ಬೋರ್ಡ್ ಚೂರು. 20 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ. ಅಂಚನ್ನು ಉಪ್ಪುಕಾಗದದಿಂದ ಇಳಿಜಾರು ಮಾಡಿ. ಇಲ್ಲದಿದ್ದರೆ ಏರಿ ಒಂದು ತಟ್ಟೆಯ ಮೇಲೆ ಬಡಿಸಿಟ್ಟ ಹಾಗೆ ಕಾಣುತ್ತೆ. ರಟ್ಟು ಬೇಡ. ಫೆವಿಕಾಲ್ ಒಣಗುವಾಗ ಕುಗ್ಗಿ ರಟ್ಟನ್ನು ಬಾಳೆಹಣ್ಣಿನ ಹಾಗೆ ಬಗ್ಗಿಸುತ್ತೆ. ರಟ್ಟೇ ಗತಿ ಅನ್ನುವವರು ಕೆಳಗಿನ ಮೈಗೂ ಒಂದು ಕೋಟ್ ಬಳಿಯಿರಿ, ಎರಡೂ ಕಡೆ ಎಳೆತ ಸಮವಾಗುತ್ತೆ.

ಏರಿಗೆ ಎಕ್ಸ್‌ಪಿಎಸ್ ಫೋಮ್ ಒಳ್ಳೆಯದು. ಚಾವಣಿಯ ಬಿಸಿ ತಡೆಯಲು ಹಾಕುವ ಗಟ್ಟಿ ಹಲಗೆ ಅದು, ಕಾಳು ಕಾಳಾಗಿ ಉದುರಲ್ಲ. ಸಿಗದಿದ್ದರೆ ಗಣಪತಿ ಮಂಟಪಕ್ಕೆ ತರುವ ಬಿಳಿ ಥರ್ಮಾಕೋಲೇ ಸಾಕು, ಗಟ್ಟಿಯಾದದ್ದು ಆರಿಸಿ. ಕಟ್ಟರ್ ಬ್ಲೇಡು ಹೊಸದಿರಲಿ. ಮೊಂಡು ಬ್ಲೇಡು ಥರ್ಮಾಕೋಲನ್ನು ಕೊಯ್ಯಲ್ಲ, ಹರಿಯುತ್ತೆ. ಬಿಸಿ ತಂತಿಯ ಕಟ್ಟರ್ ಇದ್ದವರು ಕಿಟಕಿ ತೆಗೆದಿಡಿ, ಆ ಹೊಗೆ ಕುಡಿಯುವಂಥದ್ದಲ್ಲ.

ಬುಡದಲ್ಲಿ 50 ಮಿ.ಮೀ., ತಲೆಯಲ್ಲಿ 30 ಮಿ.ಮೀ. ಅಗಲ ಬರುವಂತೆ ಎರಡೂ ಬದಿ ಓರೆಯಾಗಿ ಕೊಯ್ಯಿರಿ. ತಲೆ 30 ಯಾಕೆ ಅಂದರೆ ನಮ್ಮ 25ರ ಚಕ್ರ ಅಲ್ಲಿ ನಿಲ್ಲಬೇಕು. ಗಿಡವನ್ನು ಉದ್ದಕ್ಕೂ ಅಂಟಿಸದೆ, ಎರಡು ಪೊದೆಯ ನಡುವೆ ಒಬ್ಬ ಸೈನಿಕನಷ್ಟು ಜಾಗ ಬಿಡಿ. ಆಮೇಲೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಕಟ್ಟಿ ಓರೆಯ ಮೇಲೆ ಒತ್ತುತ್ತಾ ಉರುಳಿಸಿ. ಕೊಯ್ದ ಗೆರೆ ಹೋಗಿ ಮಣ್ಣಿನ ಒರಟು ಬರುತ್ತೆ.

ಅಂಟಿನ ಬಗ್ಗೆ ಒಂದು ಮಾತು, ಇದನ್ನು ಅಡಿಗೆರೆ ಹಾಕಿ ಬರ್ಕೊಳ್ಳಿ. ಥರ್ಮಾಕೋಲಿಗೆ ಬಿಳಿ ಫೆವಿಕಾಲ್ ಮಾತ್ರ. ಫೆವಿಕ್ವಿಕ್ ಅದನ್ನು ತಿನ್ನುತ್ತೆ. ಚಪ್ಪಲಿಗೆ ಹಚ್ಚುವ ಹಳದಿ ಗಮ್ಮೂ ತಿನ್ನುತ್ತೆ. ಸ್ಪ್ರೇ ಪೇಂಟು ಇನ್ನೂ ಕೆಟ್ಟದ್ದು. ನಾನು ಒಂದು ಭಾನುವಾರ ಆರು ಬೇಲಿಗಳನ್ನು ಟೆರೇಸಿನಲ್ಲಿ ಸಾಲಾಗಿ ಇಟ್ಟು ಕಪ್ಪು ಸ್ಪ್ರೇ ಹೊಡೆದೆ. ಚುರ್ ಅಂತ ಸಣ್ಣ ಸದ್ದು. ನೋಡ್ತಾ ನೋಡ್ತಾ ಏರಿಗಳಲ್ಲಿ ಹಳ್ಳ ಬಿತ್ತು. ಡಬ್ಬಿಯೊಳಗಿನ ದ್ರಾವಕ ಥರ್ಮಾಕೋಲಿನ ಪ್ಲಾಸ್ಟಿಕ್ ಆದ ಪಾಲಿಸ್ಟೈರೀನನ್ನು ಕರಗಿಸುತ್ತೆ, ಥರ್ಮಾಕೋಲ್ ಹೇಗೂ ಬಹುಪಾಲು ಗಾಳಿ, ಕರಗಿದ ಮೇಲೆ ಉಳಿಯೋದು ಏನೂ ಇಲ್ಲ. ಆರರಲ್ಲಿ ಎರಡನ್ನು 'ಶೆಲ್ ಬಿದ್ದ ಬೇಲಿ' ಅಂತ ಉಳಿಸಿಕೊಂಡೆ.

ಮಣ್ಣು

ಮರಳು ಜರಡಿ ಹಿಡಿದು, ತೊಳೆದು, ಬಿಸಿಲಲ್ಲಿ ಒಣಗಿಸಿ. ಏರಿಗೆ ಫೆವಿಕಾಲ್ ಬಳಿದು ಮರಳು ಉದುರಿಸಿ. ಒಂದು ರಾತ್ರಿ ಬಿಡಿ. ಬೆಳಗ್ಗೆ, ಅರ್ಧ ನೀರು ಬೆರೆಸಿದ ಫೆವಿಕಾಲನ್ನು ಮೇಲಿಂದ ಇನ್ನೊಮ್ಮೆ ಹರಿಸಿ. ಈ ಎರಡನೇ ಕೋಟ್ ಬಿಟ್ಟವರ ಮೇಜಿನ ಮೇಲೆ ಆಟ ಮುಗಿಯುವಷ್ಟರಲ್ಲಿ ಒಂದು ಹಿಡಿ ಮರಳು ಇರುತ್ತೆ.

ಬಣ್ಣಕ್ಕೆ ದುಬಾರಿ ಬಾಟಲಿ ಬೇಡ. ಬಿಳಿ ಎಮಲ್ಷನ್ ಒಂದು ಸಣ್ಣ ಡಬ್ಬಿ, ಕಪ್ಪು, ಕಂದು, ಹಳದಿ ಸ್ಟೇನರ್ ಒಂದೊಂದು. ಮೊದಲು ಕಡು ಕಂದು ಎಲ್ಲ ಕಡೆ. ಮರಳಿನ ಸಂದಿಯಲ್ಲಿ ಬಿಳಿ ಚುಕ್ಕೆ ಉಳಿಯಬಾರದು. ಒಣಗಿದ ಮೇಲೆ ಡ್ರೈಬ್ರಷ್. ಹೊಸಬರು ಇಲ್ಲೇ ಎಡವೋದು. ಹಳೇ ಅಗಲ ಬ್ರಷ್ಷಿನ ತುದಿಗೆ ತಿಳಿ ಕಂದು ಮುಟ್ಟಿಸಿ, ಪೇಪರಿನ ಮೇಲೆ ಒರೆಸಿ, ಇನ್ನೂ ಒರೆಸಿ. ಬಣ್ಣ ಮುಗಿದೇ ಹೋಯ್ತು ಅನ್ನಿಸಿದಾಗ ಕೈಬೆರಳಿನ ಗೆರೆಗಳ ಮೇಲೆ ಎಳೆದು ನೋಡಿ. ಗೆರೆಯ ಉಬ್ಬಿಗೆ ಮಾತ್ರ ಬಣ್ಣ ಹತ್ತಿದರೆ ಸರಿಯಾಯ್ತು ಅಂತ. ಈಗ ಅದೇ ಬ್ರಷ್ಷನ್ನು ಏರಿಯ ಮೇಲೆ ಹಗುರವಾಗಿ ಆಡಿಸಿ. ಮರಳಿನ ಪ್ರತಿ ಕಾಳೂ ಬೆಳಕು ಬಿದ್ದ ಹಾಗೆ ಎದ್ದು ಬರುತ್ತೆ. ಇದನ್ನು ಮೊದಲ ಸಲ ನೋಡಿದಾಗ ನಾನು ಚಹಾ ಆರಿಸಿಕೊಂಡು ಕೂತಿದ್ದೆ.

ಗಿಡ

ಇಂಗ್ಲೆಂಡಿನ ಹವ್ಯಾಸಿಗಳು ಬೇಲಿಗೆ ಬಳಸುತ್ತಿದ್ದದ್ದು ರಬ್ಬರ್ ಬೆರೆಸಿದ ಕುದುರೆ ಕೂದಲು. ಕುರ್ಚಿ, ಸೋಫಾಗಳಿಗೆ ತುಂಬುವ ವಸ್ತು. ನಮಗೆ ಅದಕ್ಕಿಂತ ಒಳ್ಳೆಯದು ಅಟ್ಟದಲ್ಲೇ ಬಿದ್ದಿರುತ್ತೆ: ಹಳೇ ಕಾಯರ್ ಹಾಸಿಗೆ. ಅದರೊಳಗಿರೋದು ರಬ್ಬರ್ ಬೆರೆಸಿದ ತೆಂಗಿನ ನಾರು. ಕತ್ತರಿಸಬೇಡಿ, ಕೈಯಲ್ಲಿ ಹರಿಯಿರಿ. ಹರಿದ ಅಂಚೇ ಪೊದೆಯ ಅಂಚು. ಆಮೇಲೆ ಹಿಂಜಿ ಸಡಿಲ ಮಾಡಿ, ಆಚೆ ಬೆಳಕು ಕಾಣುವಷ್ಟು. ನಾರಿನ ಬಣ್ಣ ಹೇಗೂ ಕೊಂಬೆಯ ಬಣ್ಣವೇ, ಅಲ್ಲಲ್ಲಿ ಕಡು ಕಂದು ತಾಗಿಸಿದರೆ ಆಯಿತು.

ಎಲೆಗೆ ಸ್ಪಂಜು. ಚೂರು ಮಾಡಿ, ನೀರು ಹಾಕಿ ಮಿಕ್ಸಿಯಲ್ಲಿ ರುಬ್ಬಿ, ಹಿಂಡಿ, ಬಣ್ಣದಲ್ಲಿ ಕಲಸಿ ಒಣಗಿಸಿ. ಅಡುಗೆಮನೆಯ ಜಾರ್ ಮುಟ್ಟಬೇಡಿ, ಗುಜರಿಯಲ್ಲಿ ಹಳೇ ಜಾರ್ ತಂದುಕೊಳ್ಳಿ. ಮನೆಯಲ್ಲಿ ಶಾಂತಿ ಮುಖ್ಯ. ಡಬ್ಬಿಯ ಹಸಿರನ್ನು ಹಾಗೇ ಬಳಸಿದರೆ ಪ್ಲಾಸ್ಟಿಕ್ ಗಿಳಿ ಕಂಡ ಹಾಗೆ ಆಗುತ್ತೆ. ಸ್ವಲ್ಪ ಕಂದು, ಸ್ವಲ್ಪ ಹಳದಿ ಬೆರೆಸಿ ಮೂರು ಹಸಿರು ಮಾಡಿಟ್ಟುಕೊಳ್ಳಿ. ಕಡು ಹಸಿರು ಕೆಳಗೆ, ತಿಳಿ ಹಸಿರು ನೆತ್ತಿಗೆ. ಸೋಸಿದ ಚಹಾ ಪುಡಿಯನ್ನು ಗರಿಗರಿ ಒಣಗಿಸಿ ಬುಡಕ್ಕೆ ಉದುರಿಸಿದರೆ ಒಣ ತರಗೆಲೆ. ಹಸಿ ಉಳಿದರೆ ಬೂಸ್ಟು ಬರುತ್ತೆ, ಹುಷಾರು.

ಎಷ್ಟು ತುಣುಕು

ಉದ್ದನೆಯ ಒಂದೇ ಬೇಲಿ ಮಾಡಬೇಡಿ. ಹಳೇ ಜರ್ಮನ್ ರಾಜ್ಯ ಪ್ರಶ್ಯದ ರೈಸ್ವಿಟ್ಸ್ ಎಂಬಾತ 1812ರಲ್ಲಿ ದೊರೆ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮನಿಗೆ ಮಾಡಿಕೊಟ್ಟ ಯುದ್ಧದಾಟದ ಮೇಜಿನಲ್ಲೂ ನೆಲವೆಲ್ಲ ಬಿಡಿ ಬಿಡಿ ಚೌಕಗಳೇ. ಬೇಕಾದ ಹಾಗೆ ಜೋಡಿಸಿದರೆ ಪ್ರತಿ ಸಲವೂ ಹೊಸ ರಣರಂಗ. ನನ್ನ ಹತ್ತಿರ ಹತ್ತು ನೇರ ತುಣುಕು, ನಾಲ್ಕು ಮೂಲೆ, ಎರಡು ಗೇಟು ಇವೆ. ಆರು ಅಡಿ ನಾಲ್ಕು ಅಡಿ ಮೇಜಿನಲ್ಲಿ ಮೂರು ಹೊಲ ಆರಾಮಾಗಿ ಬರುತ್ತೆ. ತಳ ಹಗುರ ಅನ್ನಿಸಿದರೆ ಅಡಿಗೆ ಎರಡು ಕಬ್ಬಿಣದ ವಾಷರ್ ಅಂಟಿಸಿ. ಇಲ್ಲದಿದ್ದರೆ ಫ್ಯಾನ್ ಹಾಕಿದ ಕೂಡಲೇ ನಾರ್ಮಂಡಿ ಜಾಗ ಬದಲಿಸುತ್ತೆ.

ಇವುಗಳ ಜೊತೆ ಇನ್ನೊಂದು ತುಣುಕು ಬೇಕು. ಬೇಲಿಯಲ್ಲಿ ಸಿಕ್ಕಿಕೊಂಡ ಟ್ಯಾಂಕುಗಳಿಗೆ ಕರ್ಟಿಸ್ ಕ್ಯುಲಿನ್ ಎಂಬ ಸಾರ್ಜೆಂಟ್ ಹೆಸರಿನಲ್ಲಿ ಪ್ರಸಿದ್ಧವಾದ ಉಕ್ಕಿನ ಹಲ್ಲುಗಳು ಬಂದವು. ಜರ್ಮನರು ಕಡಲತೀರದಲ್ಲಿ ನೆಟ್ಟಿದ್ದ ತಡೆಗಂಬಗಳನ್ನೇ ಕತ್ತರಿಸಿ ಅವನ್ನು ಮಾಡಿ ಟ್ಯಾಂಕಿನ ಮೂತಿಗೆ ಬೆಸುಗೆ ಹಾಕುತ್ತಿದ್ದರು. ಆ ಹಲ್ಲು ಏರಿಗೆ ಕಚ್ಚಿಕೊಂಡಾಗ ಟ್ಯಾಂಕು ಮೇಲೆದ್ದು ಹೊಟ್ಟೆ ತೋರಿಸದೆ ನೇರ ನುಗ್ಗುತ್ತಿತ್ತು. 1944ರ ಜುಲೈ 25ರಂದು ಶುರುವಾದ ಅಮೆರಿಕನ್ನರ ದೊಡ್ಡ ದಾಳಿ ಆಪರೇಷನ್ ಕೋಬ್ರಾ ಹೊತ್ತಿಗೆ ಇಂಥ ಟ್ಯಾಂಕುಗಳು ತಯಾರಾಗಿದ್ದವು. ಹಾಗಾಗಿ ಅದೇ 20 ಸೆಂ.ಮೀ. ಅಳತೆಯ ಒಂದು ಮುರಿದ ಬೇಲಿಯನ್ನೂ ಮಾಡಿಡಿ: ನಡುವೆ 60 ಮಿ.ಮೀ. ಬಾಯಿ, ಅಕ್ಕಪಕ್ಕ ಚೆದುರಿದ ಮಣ್ಣು, ಮಣ್ಣಿನಿಂದ ಹೊರಗೆ ಚಾಚಿದ ತೆಂಗಿನ ನಾರಿನ ಬೇರು. ಟ್ಯಾಂಕು ನುಗ್ಗಿದ ಸರದಿಯಲ್ಲಿ ಒಳ್ಳೇ ಬೇಲಿ ಎತ್ತಿ ಇದನ್ನು ಇಡೋದು. ನಾನು ಇದನ್ನು ಬೇರೆಯಾಗಿ ಮಾಡಲೇ ಇಲ್ಲ, ಸ್ಪ್ರೇ ತಿಂದ ಆ ಎರಡರಲ್ಲಿ ಒಂದನ್ನು ಇನ್ನಷ್ಟು ಕೊಯ್ದು, ಮರಳು ಮೆತ್ತಿದೆ.