ಹಾರ್ಟ್‌ವರ್ಮ್ ಚಿಕಿತ್ಸೆ: ಹುಳ ಸಾಯ್ಸೋದು ಸುಲಭ, ಆಮೇಲಿನದ್ದೇ ಕಷ್ಟ

ನಾಯಿಗೆ ಹಾರ್ಟ್‌ವರ್ಮ್ ಪಾಸಿಟಿವ್ ಬಂತು ಅಂದ್ರೆ ಎಲ್ರೂ ಕೇಳೋದು ಒಂದೇ, ಇಂಜೆಕ್ಷನ್ ಕೊಟ್ಟು ಸಾಯ್ಸಿಬಿಡಕ್ಕಾಗಲ್ವಾ ಡಾಕ್ಟ್ರೇ ಅಂತ. ಸಾಯ್ಸಬಹುದು, 1940ರ ದಶಕದಿಂದ ಸಾಯಿಸ್ತಾನೇ ಇದಾರೆ. ಆದ್ರೆ ಸೊಳ್ಳೆ ಕಚ್ಚಿದಾಗ ಒಳಗೆ ಹೋದ ಮರಿ ಆರೇಳು ತಿಂಗಳಲ್ಲಿ ಶ್ಯಾವಿಗೆ ಎಳೆ ಥರ ಬೆಳೆದು, ಹೆಣ್ಣಾದ್ರೆ ಹತ್ತತ್ರ ಒಂದಡಿ ಉದ್ದ, ಶ್ವಾಸಕೋಶದ ರಕ್ತನಾಳದಲ್ಲಿ, ಜಾಸ್ತಿಯಾದ್ರೆ ಹೃದಯದ ಬಲಭಾಗದಲ್ಲೂ ಕೂತಿರತ್ತೆ, ಹೊಟ್ಟೆಹುಳದ ಹಾಗೆ ಹೊರಗೆ ಬೀಳೋಕೆ ದಾರಿನೇ ಇಲ್ಲ. ಸತ್ತದ್ದು ಚೂರುಚೂರಾಗಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಾಕೊಳ್ಳತ್ತೆ. ನಾಯಿ ಪ್ರಾಣಕ್ಕೆ ಕುತ್ತು ಬರೋದು ಎಷ್ಟೋ ಸಲ ಆವಾಗ್ಲೇ.

ಹಳೇ ಔಷಧಿ ಥಯಾಸೆಟಾರ್ಸಮೈಡ್, ಆರ್ಸೆನಿಕ್ ಅಂದ್ರೆ ಅದೇ ಪಾಷಾಣದಿಂದ ಮಾಡಿದ್ದು. ದಿನಕ್ಕೆರಡು ಸಲದಂತೆ ಎರಡು ದಿನ ನೇರ ರಕ್ತನಾಳಕ್ಕೆ ಕೊಡ್ಬೇಕು, ಸೂಜಿ ಚೂರು ಜಾರಿ ಪಕ್ಕಕ್ಕೆ ಸೋರಿದ್ರೆ ಅಲ್ಲಿನ ಚರ್ಮ ಕೊಳೆತು ಕಿತ್ತು ಬರೋದು, ಲಿವರ್‌ಗೂ ಏಟು.

ಬರದೇ ಇರೋ ಹಾಗೆ ತಡೆಯೋಕೆ ದಿನಾ ಡಿಇಸಿ ಮಾತ್ರೆ ಕೊಡ್ತಿದ್ರು. ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದಲ್ಲಿ ಕಂಡುಹಿಡಿದದ್ದು, ಕಲಬುರಗಿ ಕಡೆ ಆನೆಕಾಲು ರೋಗಕ್ಕೆ ಮನೆಮನೆಗೂ ಹಂಚಿದ್ದು ಇದೇ ಮಾತ್ರೆ. ಆದ್ರೆ ರಕ್ತದಲ್ಲಿ ಆಗ್ಲೇ ಮರಿಹುಳ ಇದ್ದ ನಾಯಿಗೆ ಕೊಟ್ರೆ ಶಾಕ್ ಆಗಿ ಸಾಯೋ ಭಯ. 1987ರಲ್ಲಿ ತಿಂಗಳಿಗೊಂದು ಐವರ್ಮೆಕ್ಟಿನ್ ಬಂದ್ಮೇಲೆ ಡಿಇಸಿ ಮೂಲೆ ಸೇರ್ತು.

ಬೆಳೆದ ಹುಳ ಸಾಯ್ಸೋಕೆ 1995ರಲ್ಲಿ ಅಮೆರಿಕದಲ್ಲಿ ಮೆಲಾರ್ಸೊಮೈನ್ ಅನ್ನೋ ಹೊಸ ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ತು. ಇದೂ ಆರ್ಸೆನಿಕ್ಕೇ, ಆದ್ರೆ ಸೊಂಟದ ಮಾಂಸಕ್ಕೆ ಆಳವಾಗಿ ಚುಚ್ಚೋದು. ಮಾಮೂಲಿಗೆ 24 ಗಂಟೆ ಅಂತರದಲ್ಲಿ ಎರಡು ಡೋಸ್ ಇತ್ತು, ಈಗ ಅಮೆರಿಕನ್ ಹಾರ್ಟ್‌ವರ್ಮ್ ಸೊಸೈಟಿ ಹೇಳೋದು ಮೂರು: ಒಂದು ಕೊಟ್ಟು ತಿಂಗಳು ಬಿಟ್ಟು ಇನ್ನೆರಡು, ಯಾಕಂದ್ರೆ ಎಲ್ಲಾ ಒಟ್ಟಿಗೆ ಸಾಯೋದು ಬೇಡ. ಅದಕ್ಕೂ ಮುಂಚೆ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್. ಹುಳದೊಳಗೇ ವೋಲ್ಬಾಕಿಯಾ ಅನ್ನೋ ಬ್ಯಾಕ್ಟೀರಿಯಾ ಇರತ್ತೆ, ಅದು ಹೋದ್ರೆ ಹುಳ ಸೊರಗತ್ತೆ, ಸತ್ತಾಗ ಊತನೂ ಕಮ್ಮಿ.

2011ರಲ್ಲಿ ಮೆಲಾರ್ಸೊಮೈನ್ ಸ್ಟಾಕ್ ಖಾಲಿಯಾದಾಗ ‘ಸ್ಲೋ ಕಿಲ್’ಗೆ ಜೋರು ಬಂತು, ಅಂದ್ರೆ ತಿಂಗಳ ತಡೆ ಔಷಧಿ ಜೊತೆ ಡಾಕ್ಸಿ ಕೊಟ್ಟು ಕಾಯೋದು. ದುಡ್ಡು ಉಳಿಯತ್ತೆ ನಿಜ, ಆದ್ರೆ ಹುಳ ಬದುಕಿರೋ ಅಷ್ಟೂ ತಿಂಗಳು ರಕ್ತನಾಳ ಹಾಳಾಗ್ತಾನೇ ಇರತ್ತೆ, ಬೇರೆ ದಾರಿ ಇದ್ರೆ ನಾನಂತೂ ಇದನ್ನ ಆರಿಸಲ್ಲ.

ಯಾವ ದಾರಿ ಹಿಡಿದ್ರೂ ಓಡೋದು ಹಾರೋದು ಬಂದ್. ಮೆಲಾರ್ಸೊಮೈನ್ ಆದ್ರೆ ಕೊನೇ ಇಂಜೆಕ್ಷನ್ ಆಗಿ ಆರೆಂಟು ವಾರದ ತನಕ ಬೆಲ್ಟ್ ಹಾಕಿ ಉಚ್ಚೆಗೆ ಕರ್ಕೊಂಡ್ ಹೋಗಿ ವಾಪಸ್ ತರೋದು, ಅಷ್ಟೇ. ನಾಯಿ ಗೆಲುವಾಗಿದೆ ಅಂತ ಬಿಟ್ರೆ ಕೆಟ್ರಿ.