ಜಪಾನೀಸ್ ಕಷ್ಟ ಅಂತಾರೆ, ಫ್ರೆಂಚೇ ಹಾಕ್ಸಿಬಿಡ್ಲಾ?

ಬೇಸಿಗೆ ರಜೆ ಮುಗಿಯೋ ಹೊತ್ತಿಗೆ ಇದೇ ಪ್ರಶ್ನೆ ಪ್ರತಿ ವರ್ಷ ಬರುತ್ತೆ. "ಮೇಡಂ, ಮಗಳು ಆರನೇ ಕ್ಲಾಸ್‌ಗೆ ಹೋಗ್ತಿದಾಳೆ, ಸ್ಕೂಲಲ್ಲಿ ಫ್ರೆಂಚ್, ಜರ್ಮನ್, ಜಪಾನೀಸ್ ಮೂರರಲ್ಲಿ ಒಂದಕ್ಕೆ ಟಿಕ್ ಮಾಡಿ ಅಂದಿದಾರೆ, ಅವಳಿಗೆ ಜಪಾನೀಸ್ ಇಷ್ಟ, ಆದ್ರೆ ಪ್ರಪಂಚದಲ್ಲೇ ಕಷ್ಟದ ಭಾಷೆ ಅಂತಾರಲ್ಲ, ಫ್ರೆಂಚೇ ಹಾಕ್ಸಿಬಿಡ್ಲಾ?"

ಅವಳಿಗೆ ಇಷ್ಟ ಇದ್ರೆ ಜಪಾನೀಸೇ ಹಾಕ್ಸಿ. ಈ ಮಾತನ್ನ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ.

ಈ "ಅತೀ ಕಷ್ಟ" ಅನ್ನೋದು ಎಲ್ಲಿಂದ ಬಂತು ಗೊತ್ತಾ? ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ತನ್ನ ರಾಯಭಾರಿ ಸಿಬ್ಬಂದಿಗೆ ಭಾಷೆ ಕಲಿಸುತ್ತೆ, ಅವರ ಪಟ್ಟೀಲಿ ಜಪಾನೀಸ್‌ಗೆ 2200 ಗಂಟೆ ಕ್ಲಾಸ್ ಬೇಕು, ಫ್ರೆಂಚ್‌ಗೆ ಅದರ ಮೂರನೇ ಒಂದು ಭಾಗ ಸಾಕು ಅಂತಿದೆ. ಸರಿ, ಆದ್ರೆ ಅದು ಇಂಗ್ಲಿಷ್ ಮಾತೃಭಾಷೆ ಇರೋ ದೊಡ್ಡವರ ಲೆಕ್ಕ ಕಣ್ರೀ! ದಾವಣಗೆರೆ ಅಜ್ಜಿ ಹತ್ರ ಕತೆ ಕೇಳಿ ಬೆಳೆದ ಹುಡುಗಿಗೆ ಅದನ್ನ ತಂದು ಯಾಕೆ ಅಂಟಿಸ್ತೀರಾ?

ನೀವೇ ನೋಡಿ. "ನಾನು ನಾಳೆ ಶಾಲೆಗೆ ಹೋಗ್ತೀನಿ" ಅನ್ನೋದು ಜಪಾನೀಸಲ್ಲಿ "ವತಾಶಿ ವಾ ಅಶಿತಾ ಗಕ್ಕೋ ನಿ ಇಕಿಮಸು". ಅಶಿತಾ ನಾಳೆ, ಗಕ್ಕೋ ಶಾಲೆ, ನಿ ಅಂದ್ರೆ ನಮ್ಮ "ಗೆ", ಇಕಿಮಸು ಹೋಗ್ತೀನಿ, ಕ್ರಿಯಾಪದ ನಮ್ಮ ಹಾಗೇ ಕೊನೇಲಿ. "ನಿನ್ನೆ ಕೊಂಡ ಪುಸ್ತಕ" ಅನ್ನೋಕೆ "ಕಿನೋ ಕತ್ತ ಹೊನ್", ಪದದ ಜಾಗದಲ್ಲಿ ಪದ ಇಟ್ರೆ ಮುಗೀತು. "ಹೋಗ್ತೀನಿ ಅಂತ ಹೇಳಿದ" ಅನ್ನೋದ್ರಲ್ಲಿ "ಅಂತ" ಇದೆಯಲ್ಲ, ಅದೇ ಕೆಲಸಕ್ಕೆ ಅದೇ ಜಾಗದಲ್ಲಿ ಅವರಿಗೆ "ತೊ" ಇದೆ. ಇನ್ನು ನನಗೆ ತುಂಬಾ ಖುಷಿ ಕೊಡೋದು "ತಬೆತೆ ಮಿರು". ತಬೆತೆ ಅಂದ್ರೆ ತಿಂದು, ಮಿರು ಅಂದ್ರೆ ನೋಡು. ತಿಂದು ನೋಡು! ರುಚಿ ನೋಡೋಕೆ ಅವರೂ ನಮ್ಮ ಥರಾನೇ "ನೋಡು" ಅಂತಾರೆ.

ಉಚ್ಚಾರಣೇನೂ ಹಾಗೇ. ಕಿತೆ ಅಂದ್ರೆ ಬಂದು, ಕಿತ್ತೆ ಅಂದ್ರೆ ಸ್ಟಾಂಪ್, ಇಂಗ್ಲಿಷರು ಇಲ್ಲಿ ಒದ್ದಾಡ್ತಾರೆ, ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರೋ ಮಗುಗೆ ಏನು ಕಷ್ಟ? ಒಬಸಾನ್ ಅತ್ತೆ, ಒಬಾಸಾನ್ ಅಜ್ಜಿ, ನಮ್ಮ ಬಳೆ-ಬಾಳೆ ಇದ್ದ ಹಾಗೆ. ಅವರ ಅಕ್ಷರಮಾಲೆ ಓದೋದೇ ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ ಅಂತ, ಸಂಸ್ಕೃತದ ಲಿಪಿ ಕಲಿತ ಬೌದ್ಧ ಭಿಕ್ಷುಗಳ ಕಡೆಯಿಂದ ಬಂದ ಕ್ರಮ ಅದು.

ಸುಲಭ ಅನ್ನೋ ಫ್ರೆಂಚಲ್ಲಿ ಟೇಬಲ್ ಹೆಣ್ಣು, ಪುಸ್ತಕ ಗಂಡು, ಬರೆದ ಅಕ್ಷರ ಅರ್ಧ ಓದೋ ಹಾಗಿಲ್ಲ. ಜರ್ಮನ್ನಲ್ಲಿ ಬಾಗಿಲು ಸ್ತ್ರೀಲಿಂಗ, ಹುಡುಗಿ ನಪುಂಸಕಲಿಂಗ. ಅರ್ಥ ನೋಡಿ ಲಿಂಗ ಹೇಳೋ ಕನ್ನಡದ ಮಗು ಇದನ್ನೆಲ್ಲ ಒಂದೊಂದಾಗಿ ಬಾಯಿಪಾಠ ಮಾಡ್ಬೇಕು.

ಕಾಂಜಿ, ಅಂದ್ರೆ ಚೀನಾದಿಂದ ಬಂದ ಅಕ್ಷರಗಳು, ಕಷ್ಟ ಅಲ್ವಾ ಅಂದ್ರೆ ಹೌದು, ನಿಜವಾಗ್ಲೂ ಕಷ್ಟ. ದಿನಬಳಕೆಯ ಅಧಿಕೃತ ಪಟ್ಟೀಲೇ 2136 ಇದೆ. ಆದ್ರೆ ಸ್ಕೂಲಲ್ಲಿ ಅಷ್ಟೂ ಒಟ್ಟಿಗೆ ಸುರಿಯಲ್ಲ, ಮೊದಲು ಹಿರಗಾನ ಅನ್ನೋ ಲಿಪಿಯ 46 ಅಕ್ಷರ, ಆಮೇಲೆ ಅದೇ ಉಚ್ಚಾರಣೆಗಳನ್ನ ಬರೆಯೋ ಇನ್ನೊಂದು ಲಿಪಿ ಕತಕಾನ, ಕಾಂಜಿ ಸ್ವಲ್ಪ ಸ್ವಲ್ಪ. ಜಪಾನಿನ ಮಕ್ಕಳೂ ವರ್ಷಗಟ್ಟಲೆ ಕಲೀತಾರೆ.

ಕೆಲಸ ಸಿಗುತ್ತಾ ಅಂತ ಕೇಳ್ಬೇಡಿ, ಮೂರು ವರ್ಷದ ಸ್ಕೂಲ್ ಪಾಠಕ್ಕೆ ಯಾವ ಭಾಷೇಲೂ ಕೆಲಸ ಸಿಗಲ್ಲ, ಮುಂದುವರಿಸಿ ಜೆಎಲ್‌ಪಿಟಿ ಅನ್ನೋ ಜಪಾನೀಸ್ ಪರೀಕ್ಷೇಲಿ ಮೇಲಿನ ಹಂತಗಳಾದ ಎನ್2, ಎನ್1 ತನಕ ಹೋದ್ರೆ ಆ ಮಾತು ಬೇರೆ.

ಇನ್ನೊಂದು ವಿಷಯ, ಇದನ್ನ ಯಾರೂ ಕೇಳಲ್ಲ, ನಾನೇ ಹೇಳ್ತೀನಿ. ಫಾರಿನ್ ಭಾಷೆಗೆ ಹೆಲ್ಪ್ ಆಗ್ಲಿ ಅಂತ ಮನೇಲಿ ಕನ್ನಡ ಬಿಟ್ಟು ಇಂಗ್ಲಿಷ್ ಶುರು ಮಾಡೋರಿದಾರೆ. ದಯವಿಟ್ಟು ಬೇಡ. ಮೇಲೆ ಹೇಳಿದ ಅನುಕೂಲ ಎಲ್ಲಾ ಬರೋದೇ ಕನ್ನಡದಿಂದ. ನನ್ನ ಕ್ಲಾಸಲ್ಲಿ ಮನೇಲಿ ಬರೀ ಇಂಗ್ಲಿಷ್ ಮಾತಾಡೋ ಹುಡುಗ ಒಬ್ಬ "ತಬೆತೆ ಮಿರು" ಬಂದಾಗ, ತಿನ್ನೋದ್ರಲ್ಲಿ ನೋಡೋದು ಎಲ್ಲಿಂದ ಬಂತು ಮಿಸ್ ಅಂತ ಕೇಳಿದ. ನಾನು ಬಾಯಿ ಬಿಡೋಕ್ಕೆ ಮುಂಚೆ ಪಕ್ಕದಲ್ಲಿ ಕೂತಿದ್ದ ಹುಡುಗಿ ಡಬ್ಬಿ ತೆಗೆದು ಅವನ ಕೈಗೆ ಒಂದು ಕೋಡುಬಳೆ ಕೊಟ್ಟು "ತಿಂದು ನೋಡೋ" ಅಂದ್ಳು.